ಐಎಸ್‌ಡಿಎನ್ ಲೈನ್‌ನಿಂದ ಇಂಟರ್ನೆಟ್ ಫೋನಿಗೆ: ತುಮಕೂರಿನ ಕಂಪನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳು, ಊರೊಳಗಿನ ಆಸ್ಪತ್ರೆ, ಕಾಲೇಜು, ಸೊಸೈಟಿಗಳು. ಇಲ್ಲಿ ಫೋನ್ ವ್ಯವಸ್ಥೆ ನೋಡಿಕೊಳ್ಳುವವರು ಅಕೌಂಟ್ಸ್‌ನವರೋ ಅಡ್ಮಿನ್‌ನವರೋ ಆಗಿರುತ್ತಾರೆ. ಅವರಿಗೆ ಫೋನ್ ಒಂದೇ ಕೆಲಸವಲ್ಲ. ಅಂಥವರು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಐಎಸ್‌ಡಿಎನ್ ಎಂದರೆ ಒಂದೇ ಕೇಬಲ್ ಮೇಲೆ ಹಲವು ಕರೆ ಸಾಗಿಸುವ ಹಳೆ ಮಾದರಿಯ ಡಿಜಿಟಲ್ ಫೋನ್ ಲೈನ್. ಪೂರ್ತಿ ಓದಲು ಸಮಯ ಇಲ್ಲದಿದ್ದರೆ ನಂಬರಿನ ಬಗ್ಗೆ ಇರುವ ಪ್ರಶ್ನೆಯನ್ನಾದರೂ ಓದಿ. ಆಮೇಲೆ ಆರ್ಡರ್‌ಗೆ ಸಹಿ ಹಾಕಿ.

ನಮ್ಮದು ಐಎಸ್‌ಡಿಎನ್ ಲೈನ್ ಹೌದೋ ಅಲ್ಲವೋ, ಹೇಗೆ ತಿಳಿಯುವುದು?

ಬಿಲ್ ತೆಗೆದು ನೋಡಿ. ಅದರಲ್ಲಿ ಪಿಆರ್‌ಐ ಅಂತ ಇದ್ದರೆ ಐಎಸ್‌ಡಿಎನ್ ಎಂದೇ ಅರ್ಥ. ಒಂದು ಪಿಆರ್‌ಐನಲ್ಲಿ ಮಾತಿಗೆ 30 ಚಾನೆಲ್, ಕರೆ ಜೋಡಿಸುವ ಸಿಗ್ನಲ್‌ಗೆ ಒಂದು ಚಾನೆಲ್ ಇರುತ್ತದೆ. ಅಂದರೆ ಒಂದೇ ಹೊತ್ತಿಗೆ 30 ಜನ ಹೊರಗಿನವರ ಜೊತೆ ಮಾತಾಡಬಹುದು. ಬಿಆರ್‌ಐ ಎಂಬ ಚಿಕ್ಕ ರೂಪವೂ ಇದೆ, ಅದರಲ್ಲಿ ಮಾತಿಗೆ 2 ಚಾನೆಲ್ ಮಾತ್ರ. ಸರ್ವರ್ ರೂಮಿನಲ್ಲಿ ಫೋನ್ ಕಂಪನಿಯ ಮೋಡೆಮ್‌ನಿಂದ ಇಪಿಎಬಿಎಕ್ಸ್‌ನ (ಕಚೇರಿಯೊಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಯಂತ್ರ) ಒಂದು ಕಾರ್ಡಿಗೆ ಒಂದೇ ಕೇಬಲ್ ಹೋಗಿದ್ದು, ಆ ಒಂದರಲ್ಲೇ ಹತ್ತಾರು ಕರೆ ನಡೆಯುತ್ತಿದ್ದರೆ ಅದು ಪಿಆರ್‌ಐ.

ಸಿಪ್ ಟ್ರಂಕ್ ಅಂದರೆ ಏನು?

ಪಿಆರ್‌ಐ ಮಾಡುವ ಕೆಲಸವನ್ನೇ ಇಂಟರ್ನೆಟ್ ಪ್ರೋಟೋಕಾಲ್ ಮೇಲೆ ಮಾಡುವ ಲೈನ್. ಈಗ ಬಳಕೆಯಲ್ಲಿರುವ ಸಿಪ್‌ನ ನಿಯಮಾವಳಿ 2002ರಲ್ಲಿ ಬಂತು. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಪ್ಯಾಕೆಟ್‌ಗಳಲ್ಲಿ ಕಳಿಸುತ್ತಾರೆ. ಒಂದು ಸೆಕೆಂಡಿನ ಮಾತಿಗೆ ಪ್ರತಿ ದಿಕ್ಕಿನಲ್ಲೂ 50 ಪ್ಯಾಕೆಟ್. ಕರೆ ಜೋಡಿಸುವ ಸಂದೇಶ ಬೇರೆ ಹೋಗುತ್ತದೆ, ಧ್ವನಿ ಬೇರೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ತೊಂದರೆಗಳ ಬಗ್ಗೆ ಹೇಳುವಾಗ ಬೇಕಾಗುತ್ತದೆ.

ನಮ್ಮಲ್ಲಿ ದೊಡ್ಡ ಫೋನ್ ಕಂಪನಿಗಳು ಸಿಪ್ ಟ್ರಂಕನ್ನು ಹೆಚ್ಚಾಗಿ ತಮ್ಮದೇ ಪ್ರತ್ಯೇಕ ಫೈಬರ್ ಮೇಲೆ ಕೊಡುತ್ತವೆ. ನೀವು ಯೂಟ್ಯೂಬ್ ನೋಡುವ ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಕೊಡುವವರು ಯಾವ ರೀತಿ ಕೊಡುತ್ತಾರೆ ಎಂದು ಮೊದಲೇ ಕೇಳಿ. ಪ್ರತ್ಯೇಕ ಫೈಬರ್ ಸಿಗುವುದಾದರೆ ಅದನ್ನೇ ತಗೊಳ್ಳಿ.

ಪಿಆರ್‌ಐ ಚೆನ್ನಾಗೇ ನಡೀತಿದೆ. ಬದಲಿಸಲೇಬೇಕಾ?

ಈಗಲೇ ಬದಲಿಸಲೇಬೇಕು ಎಂದೇನಿಲ್ಲ. ಬ್ರಿಟನ್ನಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಹೊಸ ಐಎಸ್‌ಡಿಎನ್ ಲೈನ್ ಕೊಡುವುದನ್ನು ನಿಲ್ಲಿಸಿದ್ದಾರೆ. 2027ರ ಜನವರಿ ಕೊನೆಗೆ ಹಳೆಯದನ್ನೂ ಮುಚ್ಚುವುದಾಗಿ ಹೇಳಿದ್ದಾರೆ. ನಮ್ಮಲ್ಲಿ ಇಡೀ ದೇಶಕ್ಕೆ ಹಾಗೊಂದು ದಿನ ಗೊತ್ತುಮಾಡಿಲ್ಲ. ಯಾರಾದರೂ ಬಂದು "ಮುಂದಿನ ತಿಂಗಳು ಎಲ್ಲ ಪಿಆರ್‌ಐ ಬಂದ್" ಎಂದು ಹೆದರಿಸಿದರೆ, ನಿಮ್ಮ ಫೋನ್ ಕಂಪನಿಯಿಂದ ಬರಹದಲ್ಲಿ ಕೇಳಿ.

ಆದರೆ ಕೆಲವು ಸಂದರ್ಭದಲ್ಲಿ ಬದಲಿಸುವುದೇ ಜಾಣತನ. ಇಪಿಎಬಿಎಕ್ಸ್‌ನ ಪಿಆರ್‌ಐ ಕಾರ್ಡ್ ಕೆಟ್ಟಿದೆ, ಬಿಡಿಭಾಗ ಸಿಗುತ್ತಿಲ್ಲ. ಕಚೇರಿ ಬೇರೆ ಕಟ್ಟಡಕ್ಕೆ ಹೋಗುತ್ತಿದೆ. ಅಥವಾ 30 ಚಾನೆಲ್‌ಗೆ ಬಾಡಿಗೆ ಕಟ್ಟಿ ಎಂಟನ್ನು ಮಾತ್ರ ಬಳಸುತ್ತಿದ್ದೀರಿ. ಸಿಪ್‌ನಲ್ಲಿ 10 ಚಾನೆಲ್ ತೆಗೆದುಕೊಂಡು, ಕೆಲಸ ಜಾಸ್ತಿ ಆದಾಗ ಏರಿಸಬಹುದು. ಹೊಸ ಕಾರ್ಡ್ ಬೇಕಾಗುವುದಿಲ್ಲ.

ನಮ್ಮ ಹಳೆ ನಂಬರ್ ಉಳಿಯುತ್ತದಾ?

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ದರ ಮಾತಾಡುವ ಮೊದಲು ಇದನ್ನು ಬಗೆಹರಿಸಿಕೊಳ್ಳಬೇಕು.

ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ 2011ರ ಜನವರಿ 20ರಿಂದ ದೇಶದ ಎಲ್ಲ ಕಡೆ ಇದೆ. ಹಾಗಾಗಿ ಲ್ಯಾಂಡ್‌ಲೈನ್‌ಗೂ ಇರಬೇಕು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ. 0816ರಿಂದ ಶುರುವಾಗುವ ನಿಮ್ಮ ನಂಬರನ್ನು ಒಂದು ಫೋನ್ ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ. ಕಂಪನಿ ಬದಲಿಸಿದರೆ ನಂಬರ್ ಬದಲಾಗುತ್ತದೆ, ಅಷ್ಟೇ.

ಅದೇ ಕಂಪನಿಯಲ್ಲಿ ಉಳಿದು ಪಿಆರ್‌ಐನಿಂದ ಸಿಪ್‌ಗೆ ಬಂದರೆ ಹಳೆ ನಂಬರ್ ಉಳಿಸಿಕೊಡುವ ಸಾಧ್ಯತೆ ಇದೆ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಕೆಲವೊಮ್ಮೆ ಮಾರಾಟದವರು ಹೊಸ ಅರ್ಜಿ ಎಂದು ಬರೆದುಕೊಂಡುಬಿಡುತ್ತಾರೆ, ಆಗ ಹೊಸ ನಂಬರ್ ಬರುತ್ತದೆ. ಆರ್ಡರ್ ಪತ್ರದಲ್ಲಿ "ಇಂತಿಂಥ ಪೈಲಟ್ ನಂಬರ್, ಇಂಥದರಿಂದ ಇಂಥದರವರೆಗಿನ ಡಿಐಡಿ ನಂಬರ್‌ಗಳು ಹೊಸ ಟ್ರಂಕ್ ಮೇಲೆ ಮುಂದುವರಿಯಬೇಕು" ಎಂದು ನಂಬರ್ ಸಮೇತ ಬರೆಸಿ. ಪೈಲಟ್ ಎಂದರೆ ಎಲ್ಲರಿಗೂ ಕೊಡುವ ಮುಖ್ಯ ನಂಬರ್, ಡಿಐಡಿ ಎಂದರೆ ಒಂದೊಂದು ಟೇಬಲ್‌ಗೆ ನೇರವಾಗಿ ಬರುವ ನಂಬರ್. ಬಾಯಿಮಾತು ಸಾಲದು. ನಂಬರ್‌ಗಳು ಹೊಸದಕ್ಕೆ ಬರುವ ಮೊದಲು ಹಳೆ ಪಿಆರ್‌ಐ ರದ್ದು ಮಾಡಲು ನೀವಾಗಿಯೇ ಪತ್ರ ಕೊಡಬೇಡಿ. ರದ್ದಾದ ನಂಬರ್ ಮತ್ತೆ ನಿಮಗೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ನಮ್ಮ ಅಭಿಪ್ರಾಯ ಸ್ಪಷ್ಟ. ಇಪ್ಪತ್ತು ವರ್ಷದಿಂದ ಇರುವ ನಂಬರ್ ಆದರೆ, ಬೇರೆಯವರು ಸ್ವಲ್ಪ ಕಮ್ಮಿ ದರ ಹೇಳಿದರೂ ಇರುವ ಕಂಪನಿಯಲ್ಲೇ ಉಳಿಯಿರಿ. ಆ ನಂಬರ್ ಬಿ.ಹೆಚ್. ರಸ್ತೆಯ ಬೋರ್ಡಿನ ಮೇಲಿದೆ, ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಡೈರಿಯಲ್ಲಿದೆ, ಪಾವಗಡದಿಂದ ಬರುವ ರೋಗಿಯ ಹಳೆ ಚೀಟಿಯಲ್ಲಿದೆ. ಅವರಿಗೆಲ್ಲ ನೀವು ಮೆಸೇಜ್ ಕಳಿಸಲು ಆಗುವುದಿಲ್ಲ. ಬದಲಿಸಲೇಬೇಕಾದರೆ ಹಳೆ ಕಂಪನಿಯಲ್ಲಿ ಪೈಲಟ್ ನಂಬರನ್ನಾದರೂ ಒಂದು ಸಾದಾ ಲೈನ್ ಮೇಲೆ ಉಳಿಸಿಕೊಂಡು, ಅದಕ್ಕೆ ಬರುವ ಕರೆ ಹೊಸ ನಂಬರ್‌ಗೆ ಹೋಗುವಂತೆ ಮಾಡಲು ಆಗುತ್ತದಾ ಕೇಳಿ. ಒಂದೆರಡು ವರ್ಷ ಆ ಬಾಡಿಗೆ ಕಟ್ಟಿದರೂ ನಷ್ಟವಿಲ್ಲ.

ಎಷ್ಟು ಚಾನೆಲ್ ಬೇಕು?

ಅಂದಾಜು ಮಾಡಬೇಡಿ, ಇಪಿಎಬಿಎಕ್ಸ್‌ನ ಕರೆ ವರದಿ ತೆಗೆಸಿ. ನಿಮ್ಮ ಅತಿ ಗಡಿಬಿಡಿಯ ದಿನದಲ್ಲಿ ಒಂದೇ ಹೊತ್ತಿಗೆ ಎಷ್ಟು ಕರೆ ಇತ್ತು ಎಂದು ನೋಡಿ. ಆಸ್ಪತ್ರೆಗೆ ಅದು ಸೋಮವಾರ ಬೆಳಗ್ಗೆ ಇರಬಹುದು, ಕಾಲೇಜಿಗೆ ಅಡ್ಮಿಷನ್ ಸಮಯ. ಆ ಸಂಖ್ಯೆಗಿಂತ ಸ್ವಲ್ಪ ಜಾಸ್ತಿ ಇಡಿ.

ಇಂಟರ್ನೆಟ್ ಎಷ್ಟು ವೇಗ ಇರಬೇಕು?

ಜನ ಅಂದುಕೊಳ್ಳುವಷ್ಟು ಬೇಕಾಗಿಲ್ಲ. ಜಿ.711 ಎಂಬ ಕೋಡೆಕ್‌ನಲ್ಲಿ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಒಂದು ಕರೆಗೆ ಹೋಗಲು ಸುಮಾರು 87 ಕೆಬಿಪಿಎಸ್, ಬರಲು ಅಷ್ಟೇ. 10 ಕರೆಗೆ 1 ಎಂಬಿಪಿಎಸ್‌ಗಿಂತ ಕಮ್ಮಿ, 30 ಕರೆಗೆ ಸುಮಾರು 2.6 ಎಂಬಿಪಿಎಸ್. ಜಿ.729 ಆದರೆ ಕರೆಗೆ 31 ಕೆಬಿಪಿಎಸ್ ಆಸುಪಾಸು ಸಾಕು, ಆದರೆ ಧ್ವನಿ ಸ್ವಲ್ಪ ಕುಗ್ಗುತ್ತದೆ. ಜಾಗ ಇದ್ದರೆ ಜಿ.711 ಅನ್ನೇ ಇಟ್ಟುಕೊಳ್ಳಿ.

ವೇಗಕ್ಕಿಂತ ಮುಖ್ಯವಾದದ್ದು ಲೈನಿನ ಸ್ಥಿರತೆ. 200 ಎಂಬಿಪಿಎಸ್ ಫೈಬರ್ ಇದ್ದೂ ಮಾತು ಕಟ್ ಕಟ್ ಆಗುವುದನ್ನು ನೋಡುತ್ತೇವೆ. ಪ್ಯಾಕೆಟ್‌ಗಳು ಸರಿಯಾದ ಅಂತರದಲ್ಲಿ ತಲುಪಬೇಕು. ಈ ಅಂತರದ ಏರುಪೇರಿಗೆ ಜಿಟರ್ ಎನ್ನುತ್ತಾರೆ. ಅದು 30 ಮಿಲಿಸೆಕೆಂಡಿನೊಳಗೆ, ಕಳೆದುಹೋಗುವ ಪ್ಯಾಕೆಟ್ ಶೇಕಡಾ 1ಕ್ಕಿಂತ ಕಮ್ಮಿ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತು ಸಲೀಸು. ಇದನ್ನು ಬೆಳಗ್ಗೆ ಏಳಕ್ಕೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎಲ್ಲರೂ ಕೆಲಸ ಮಾಡುತ್ತಿರುವಾಗ, ಸಿಸಿಟಿವಿ ಬ್ಯಾಕಪ್ ಹೋಗುತ್ತಿರುವಾಗ ಮಾಡಿ.

ಫೋನುಗಳನ್ನು ಕಂಪ್ಯೂಟರ್‌ಗಳಿಂದ ಬೇರೆ ವಿಲ್ಯಾನ್‌ನಲ್ಲಿ (ಅದೇ ಕೇಬಲ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇಡಿ. ರೂಟರ್‌ನಲ್ಲಿ ಧ್ವನಿಯ ಪ್ಯಾಕೆಟ್‌ಗೆ ಮೊದಲ ಆದ್ಯತೆ ಕೊಡಿಸಿ.

ಹಳೆ ಇಪಿಎಬಿಎಕ್ಸ್ ಎಸೆಯಬೇಕಾ?

ಬೇಡ. ಮೊದಲು ಅದಕ್ಕೆ ಸಿಪ್ ಕಾರ್ಡ್ ಅಥವಾ ಲೈಸೆನ್ಸ್ ಸಿಗುತ್ತದಾ ನೋಡಿ. ಸಿಗದಿದ್ದರೆ ಮಧ್ಯೆ ಒಂದು ಗೇಟ್‌ವೇ ಹಾಕಬಹುದು. ಅದರ ಒಂದು ಕಡೆ ಸಿಪ್ ಟ್ರಂಕ್, ಇನ್ನೊಂದು ಕಡೆ ಪಿಆರ್‌ಐ ಪೋರ್ಟ್. ಇಪಿಎಬಿಎಕ್ಸ್‌ಗೆ ತಾನು ಇನ್ನೂ ಪಿಆರ್‌ಐ ಜೊತೆಗೇ ಇದ್ದೇನೆ ಎಂದೇ ಕಾಣುತ್ತದೆ. ನಿಮ್ಮ ಎಕ್ಸ್‌ಟೆನ್ಶನ್ ನಂಬರ್, ಟೇಬಲ್ ಮೇಲಿನ ಫೋನ್, ಯಾವುದೂ ಬದಲಾಗುವುದಿಲ್ಲ. ಬಜೆಟ್ ಕಮ್ಮಿ ಇರುವ ಕಡೆ ನಾವು ಇದನ್ನೇ ಹೇಳುವುದು. ಇಪಿಎಬಿಎಕ್ಸ್ ಮುಂದೆ ಕೆಟ್ಟಾಗ ಐಪಿ ಪಿಬಿಎಕ್ಸ್ (ಇಂಟರ್ನೆಟ್ ಪ್ರೋಟೋಕಾಲ್ ಮೇಲೇ ನಡೆಯುವ ಇಪಿಎಬಿಎಕ್ಸ್) ತೆಗೆದುಕೊಂಡರಾಯಿತು. ಕಂಪ್ಯೂಟರ್ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ ಆಸ್ಟರಿಸ್ಕ್‌ನಂಥ ಮುಕ್ತ ತಂತ್ರಾಂಶವೂ ಇದೆ. ಅದು 1999ರಿಂದ ಬಳಕೆಯಲ್ಲಿದೆ. ನೋಡಿಕೊಳ್ಳುವವರು ಇಲ್ಲದಿದ್ದರೆ ಮಾತ್ರ ಅದರ ಗೋಜಿಗೆ ಹೋಗಬೇಡಿ.

ಗೇಟ್ ಸೆಕ್ಯುರಿಟಿ ರೂಮು, ವೇಬ್ರಿಡ್ಜ್ ಫೋನುಗಳು ದೂರ ಇವೆ. ಅವನ್ನೂ ಐಪಿ ಫೋನ್ ಮಾಡಬೇಕಾ?

ವಸಂತನರಸಾಪುರದ ಕಡೆಯ ದೊಡ್ಡ ಕಾಂಪೌಂಡ್‌ಗಳಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸರ್ವರ್ ರೂಮಿನಿಂದ ಗೇಟ್‌ಗೆ 300 ಮೀಟರ್ ಇರುತ್ತದೆ. ಹಳೆ ಫೋನಿಗೆ ಎರಡು ತಂತಿ ಸಾಕು, ಎಷ್ಟೋ ದೂರ ಹೋಗುತ್ತದೆ. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು. ಹೀಗಾಗಿ ಒಬ್ಬ ಸೆಕ್ಯುರಿಟಿಯವರ ಫೋನಿಗಾಗಿ ಫೈಬರ್ ಎಳೆದು, ಅಲ್ಲಿ ಸ್ವಿಚ್ ಇಟ್ಟು, ಅದಕ್ಕೆ ಯುಪಿಎಸ್ ಇಡಬೇಕಾಗುತ್ತದೆ.

ಅದರ ಅಗತ್ಯ ಇಲ್ಲ. ಸರ್ವರ್ ರೂಮಿನ ಗೋಡೆಯ ಮೇಲೆ ಕ್ರೋನ್ ಬಾಕ್ಸ್ ಇರುತ್ತದಲ್ಲ, ಅದರ ಮುಚ್ಚಳ ತೆಗೆದರೆ ಜೋಡಿ ಜೋಡಿ ತಂತಿಗಳು ಕಾಣುತ್ತವೆ. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ "ಗೇಟ್", "ಬಾಯ್ಲರ್", "ಕ್ಯಾಂಟೀನ್" ಎಂದು ಬರೆದಿರುತ್ತಾರೆ. ಆ ಜೋಡಿಗಳನ್ನು ಹಾಗೇ ಬಿಟ್ಟು, ಎಫ್‌ಎಕ್ಸ್‌ಎಸ್ ಪೋರ್ಟ್ (ಹಳೆ ಫೋನ್ ಸಿಕ್ಕಿಸುವ ಪೋರ್ಟ್) ಇರುವ ಒಂದು ಗೇಟ್‌ವೇಗೆ ಪಂಚ್ ಮಾಡಿದರೆ ಹಳೆ ಫೋನೇ ಹೊಸ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆ ಕೈಬರಹದ ಪಟ್ಟಿಯ ಫೋಟೋ ಮೊದಲು ತೆಗೆದಿಟ್ಟುಕೊಳ್ಳಿ. ಎಷ್ಟೋ ಕಡೆ ಅದರ ಇನ್ನೊಂದು ಪ್ರತಿ ಇರುವುದಿಲ್ಲ.

ಫ್ಯಾಕ್ಸ್, ಲಿಫ್ಟ್ ಫೋನ್, ಫೈರ್ ಅಲಾರಂ?

ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹಳೆ ಲೈನ್ ತೆಗೆದ ಮೇಲೇ ನೆನಪಾಗುತ್ತವೆ. ಲಿಫ್ಟ್ ಒಳಗಿನ ಫೋನ್, ಹೊರಗಿನ ನಂಬರಿಗೆ ತಾನೇ ಡಯಲ್ ಮಾಡುವ ಅಲಾರಂ, ಹಳೆ ಕಾರ್ಡ್ ಸ್ವೈಪ್ ಯಂತ್ರ, ಎಲ್ಲವನ್ನೂ ಓಡಾಡಿ ಹುಡುಕಿ. ಫ್ಯಾಕ್ಸ್ ಇನ್ನೂ ಬೇಕೇ ಬೇಕು ಎಂದರೆ ಟ್ರಂಕ್ ಮತ್ತು ಗೇಟ್‌ವೇ ಎರಡರಲ್ಲೂ ಟಿ.38 (ಇಂಟರ್ನೆಟ್ ಪ್ರೋಟೋಕಾಲ್ ಮೇಲೆ ಫ್ಯಾಕ್ಸ್ ಕಳಿಸುವ ವಿಧಾನ) ಇರಬೇಕು. ಜೀವದ ಪ್ರಶ್ನೆ ಇರುವ ಲಿಫ್ಟ್ ಮತ್ತು ಅಲಾರಂಗೆ ಮಾತ್ರ ಅಂದಾಜಿನ ಮೇಲೆ ಬಿಡಬೇಡಿ. ಲಿಫ್ಟ್ ಕಂಪನಿಯವರನ್ನು ಕರೆಸಿ, ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ.

ಕರೆಂಟ್ ಹೋದರೆ?

ತಾಮ್ರದ ಸಾದಾ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತದೆ, ಹಾಗಾಗಿ ಊರಲ್ಲಿ ಕರೆಂಟ್ ಇಲ್ಲದಿದ್ದರೂ ಅದು ನಡೆಯುತ್ತದೆ. ಪಿಆರ್‌ಐ ಮೋಡೆಮ್‌ಗೂ ಇಪಿಎಬಿಎಕ್ಸ್‌ಗೂ ಈಗಲೂ ನಿಮ್ಮದೇ ಕರೆಂಟ್ ಬೇಕು, ಇದು ಹೊಸ ಸಮಸ್ಯೆ ಅಲ್ಲ. ಸಿಪ್‌ನಲ್ಲಿ ಪೆಟ್ಟಿಗೆಗಳು ಮಾತ್ರ ಜಾಸ್ತಿ. ಫೈಬರ್ ಬರುವ ಓಎನ್‌ಟಿ, ರೂಟರ್, ಗೇಟ್‌ವೇ, ಐಪಿ ಫೋನಿಗೆ ಕರೆಂಟ್ ಕೊಡುವ ಪಿಓಇ ಸ್ವಿಚ್, ಎಲ್ಲವೂ ಯುಪಿಎಸ್ ಮೇಲೆ ಇರಬೇಕು. ಒಂದು ಬಿಟ್ಟುಹೋದರೂ ಫೋನ್ ನಿಲ್ಲುತ್ತದೆ. ಮೊದಲ ಮಹಡಿಯ ಮೂಲೆಯ ಸ್ವಿಚ್ ಬಿಟ್ಟುಹೋಗುವುದೇ ಹೆಚ್ಚು.

ಜನರೇಟರ್ ಇದ್ದರೂ ಯುಪಿಎಸ್ ಬೇಕು. ಜನರೇಟರ್ ಹಿಡಿದುಕೊಳ್ಳುವ ಆ ಅರ್ಧ ನಿಮಿಷದಲ್ಲಿ ಎಲ್ಲ ಯಂತ್ರ ಆಫ್ ಆಗಿ, ಮತ್ತೆ ಎದ್ದು ನಿಲ್ಲಲು ಕೆಲವು ನಿಮಿಷ ಬೇಕಾಗುತ್ತದೆ.

ರಸ್ತೆ ಅಗೆದು ಫೈಬರ್ ಕಟ್ ಆದರೆ?

ಜೆಸಿಬಿ ಓಡಾಡುವ ಊರಲ್ಲಿ ಇದು ಆಗಿಯೇ ಆಗುತ್ತದೆ. ಟ್ರಂಕ್ ಬಿದ್ದ ಕೂಡಲೇ ಪೈಲಟ್ ನಂಬರ್‌ಗೆ ಬರುವ ಕರೆ ಒಂದು ಮೊಬೈಲ್‌ಗೆ ತಾನೇ ತಿರುಗುವಂತೆ ಮಾಡಿಕೊಡಲು ಫೋನ್ ಕಂಪನಿಯನ್ನು ಕೇಳಿ. ನಿಮ್ಮ ಇಪಿಎಬಿಎಕ್ಸ್‌ನಲ್ಲಿ ಹಾಕಿದ ಫಾರ್ವರ್ಡಿಂಗ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಕರೆ ಅಲ್ಲಿಯವರೆಗೆ ತಲುಪಿದರೆ ತಾನೇ? ಎರಡನೇ ಫೈಬರ್ ಹಾಕಿಸುವುದಾದರೆ ಅದು ಬೇರೆ ರಸ್ತೆಯಿಂದ, ಬೇರೆ ಕಂಬದಿಂದ ಬರಲಿ. ಒಂದೇ ಗುಂಡಿಯಲ್ಲಿ ಎರಡು ಕೇಬಲ್ ಇದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಒಬ್ಬರ ಮಾತು ಕೇಳಿಸುತ್ತದೆ, ಇನ್ನೊಬ್ಬರದು ಕೇಳಿಸುವುದಿಲ್ಲ. ಯಾಕೆ?

ಕರೆಯ ಸಂದೇಶ ಬೇರೆ, ಧ್ವನಿ ಬೇರೆ ಹೋಗುತ್ತದೆ ಎಂದೆವಲ್ಲ, ಅದೇ ಕಾರಣ. ಸಂದೇಶ ತಲುಪಿದ್ದರಿಂದ ರಿಂಗ್ ಆಯಿತು. ಧ್ವನಿಯ ಪ್ಯಾಕೆಟ್ ಮಾತ್ರ ರೂಟರ್ ಅಥವಾ ಫೈರ್‌ವಾಲ್‌ನಲ್ಲಿ ದಾರಿ ತಪ್ಪಿದೆ. ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಸಹಾಯಕ್ಕೆಂದೇ ಇಟ್ಟ ಆಯ್ಕೆ ಅದು, ಆದರೆ ಸಂದೇಶದೊಳಗಿನ ವಿಳಾಸವನ್ನು ತಿದ್ದಲು ಹೋಗಿ ಬಹಳ ಸಲ ಕೆಡಿಸುತ್ತದೆ. ಆಮೇಲೆ ಧ್ವನಿಯ ಪೋರ್ಟ್‌ಗಳು ತೆರೆದಿವೆಯಾ ನೋಡಿ.

"ಕನ್ನಡಕ್ಕೆ 1 ಒತ್ತಿ" ಎಂದಾಗ ಒತ್ತಿದ್ದು ಹಿಡಿಯದಿದ್ದರೆ, ಎರಡೂ ಕಡೆ ಡಿಟಿಎಂಎಫ್ (ಬಟನ್ ಒತ್ತಿದಾಗ ಬರುವ ಟೋನ್) ಕಳಿಸುವ ರೀತಿ ಒಂದೇ ಇಲ್ಲ ಎಂದರ್ಥ. ಅದನ್ನು ಹೊಂದಿಸಿದರೆ ಸಾಕು.

ನಂಬರ್ ಒತ್ತುವ ರೀತಿ ಬದಲಾಗುತ್ತದಾ?

ಸರಿಯಾಗಿ ಡಯಲ್ ಪ್ಲಾನ್ (ಯಾವ ನಂಬರ್ ಒತ್ತಿದರೆ ಕರೆ ಹೇಗೆ ಹೋಗಬೇಕು ಎಂಬ ನಿಯಮ) ಬರೆದರೆ ಸಿಬ್ಬಂದಿಗೆ ಏನೂ ಗೊತ್ತಾಗುವುದಿಲ್ಲ. ತುಮಕೂರಿನ ಕೋಡ್ 0816, ಸ್ಥಳೀಯ ನಂಬರ್ 7 ಅಂಕಿ. ಕೋಲಾರ 08152, ಚಿಕ್ಕಬಳ್ಳಾಪುರ 08156, ಅಲ್ಲಿ 6 ಅಂಕಿ. ಬೇರೆ ಊರಿನವರು ಮಾಡಿದ ಡಯಲ್ ಪ್ಲಾನನ್ನು ಹಾಗೇ ತಂದು ಹಾಕಿದರೆ ಕೊನೆಯ ಅಂಕಿ ಕಾಯುತ್ತಾ ಕರೆ ತಡವಾಗುತ್ತದೆ, ಇಲ್ಲವೇ ತಪ್ಪಿಹೋಗುತ್ತದೆ. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ 2021ರ ಜನವರಿ 15ರಿಂದ ಮೊದಲು 0 ಒತ್ತಬೇಕು. ಅದನ್ನು ಇಪಿಎಬಿಎಕ್ಸೇ ಸೇರಿಸುವಂತೆ ಮಾಡಬಹುದು.

ಹ್ಯಾಕ್ ಆಗುತ್ತದೆ ಅಂತಾರೆ, ನಿಜವೇ?

ನಿಜ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಪ್‌ನ 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟು, 101 ಎಂಬ ಎಕ್ಸ್‌ಟೆನ್ಶನ್‌ಗೆ 101 ಎಂದೇ ಪಾಸ್‌ವರ್ಡ್ ಇಟ್ಟರೆ, ಅದನ್ನೇ ಹುಡುಕುತ್ತಿರುವ ಪ್ರೋಗ್ರಾಂಗಳು ಬೇಗನೇ ಪತ್ತೆ ಹಚ್ಚುತ್ತವೆ. ಶನಿವಾರ ರಾತ್ರಿ ಶುರುವಾದ ವಿದೇಶಿ ಕರೆಗಳು ಸೋಮವಾರ ಬೆಳಗ್ಗೆ ಯಾರಾದರೂ ನೋಡುವವರೆಗೂ ನಡೆಯುತ್ತವೆ. ಬಿಲ್ ನಿಮ್ಮ ತಲೆಗೆ ಬರುತ್ತದೆ.

ವಿದೇಶಿ ಕರೆ ಬೇಡದಿದ್ದರೆ ಐಎಸ್‌ಡಿಯನ್ನು ಫೋನ್ ಕಂಪನಿಯ ಕಡೆಯಿಂದಲೇ ಲಾಕ್ ಮಾಡಿಸಿ. ಉದ್ದದ ಪಾಸ್‌ವರ್ಡ್ ಇಡಿ, ಒಂದೊಂದು ಎಕ್ಸ್‌ಟೆನ್ಶನ್‌ಗೂ ಬೇರೆ. ಫೈರ್‌ವಾಲ್‌ನಲ್ಲಿ ಫೋನ್ ಕಂಪನಿಯ ಐಪಿಗೆ ಮಾತ್ರ ಬಾಗಿಲು ತೆಗೆಯಿರಿ. ಮನೆಯಿಂದ ಕೆಲಸ ಮಾಡುವವರು ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಬರಲಿ.

ಕಾನೂನು ಏನು ಹೇಳುತ್ತದೆ?

ಲೈಸೆನ್ಸ್ ಇರುವ ಫೋನ್ ಕಂಪನಿಯಿಂದ ಸಿಪ್ ಟ್ರಂಕ್ ತೆಗೆದುಕೊಂಡು ನಿಮ್ಮ ಕೆಲಸಕ್ಕೆ ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ. ಇಂಟರ್ನೆಟ್‌ನಿಂದ ಸಾಮಾನ್ಯ ಫೋನಿಗೆ ಕರೆ ಮಾಡುವ ಸೇವೆಗೆ ದೂರಸಂಪರ್ಕ ಇಲಾಖೆ 2018ರಲ್ಲಿ ಅಂಥ ಕಂಪನಿಗಳಿಗೆ ದಾರಿ ಮಾಡಿಕೊಟ್ಟಿತು. ಕಾಲ್ ಸೆಂಟರ್‌ನಂಥ ಕೆಲಸಕ್ಕೆ ಹಿಂದೆ ಬೇಕಿದ್ದ ಓಎಸ್‌ಪಿ ನೋಂದಣಿಯೂ ಈಗ ಇಲ್ಲ. 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಆ ನಿಯಮ ಸಡಿಲಿಸಿದರು.

ಎರಡು ವಿಷಯದಲ್ಲಿ ಎಚ್ಚರ ಇರಲಿ. ಒಂದು, ತುಮಕೂರು ಕಚೇರಿ ಮತ್ತು ಬೆಂಗಳೂರು ಹೆಡ್ ಆಫೀಸ್ ನಡುವೆ ಎಕ್ಸ್‌ಟೆನ್ಶನ್‌ನಿಂದ ಎಕ್ಸ್‌ಟೆನ್ಶನ್‌ಗೆ ನಿಮ್ಮ ಸ್ವಂತ ಲಿಂಕ್ ಮೇಲೆ ಮಾತಾಡಬಹುದು. ಆದರೆ ಹೊರಗಿನ ಕರೆಯನ್ನು ಆ ಲಿಂಕ್ ಮೇಲೆ ಸಾಗಿಸಿ ಇನ್ನೊಂದು ಊರಿನ ಲೈನ್‌ನಿಂದ ಹೊರಬಿಡುವುದು ಟೋಲ್ ಬೈಪಾಸ್. ಅದಕ್ಕೆ ಅವಕಾಶವಿಲ್ಲ. ಯಾರಾದರೂ ಬಂದು "ನಿಮ್ಮ ಖಾಲಿ ಚಾನೆಲ್ ನಮಗೆ ಕೊಡಿ, ನಿಮಿಷಕ್ಕಿಷ್ಟು ಕೊಡ್ತೀವಿ" ಎಂದರೆ ಒಪ್ಪಲೇಬೇಡಿ. ವಿದೇಶಿ ಕರೆಗಳನ್ನು ಕಳ್ಳದಾರಿಯಲ್ಲಿ ಇಳಿಸುವವರು ಹಾಗೆ ಕೇಳುತ್ತಾರೆ, ಪೊಲೀಸರು ಬರುವುದು ಲೈನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ.

ಎರಡು, ಪ್ರಚಾರದ ಕರೆ. ಜಾಹೀರಾತು ಕರೆಗೆ 140 ಸರಣಿಯ ನಂಬರ್ ಇದೆ, ಅದಕ್ಕೆ ನೋಂದಣಿ ಬೇಕು. ನೋಂದಣಿ ಇಲ್ಲದೆ ಪಿಆರ್‌ಐ, ಸಿಪ್ ಲೈನ್‌ಗಳಿಂದ ಪ್ರಚಾರದ ಕರೆ ಮಾಡಿದರೆ ಎಲ್ಲ ಲೈನ್ ಕಡಿದು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಲು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೇಳಿದೆ. ಅಡ್ಮಿಷನ್ ಸಮಯದಲ್ಲಿ ಪೋಷಕರಿಗೆ ಸಾಲಾಗಿ ಕರೆ ಮಾಡಿಸುವ ಸಂಸ್ಥೆಗಳು ಇದನ್ನು ಮನಸ್ಸಿಟ್ಟು ಓದಬೇಕು.

ಖರ್ಚು ಎಷ್ಟಾಗುತ್ತದೆ?

ಕೊಟೇಶನ್ ಹೋಲಿಸುವಾಗ ಚಾನೆಲ್ ಬಾಡಿಗೆ ಒಂದನ್ನೇ ನೋಡಬೇಡಿ. ಫೈಬರ್ ಲಿಂಕ್‌ನ ದರ ಅದರಲ್ಲಿ ಸೇರಿದೆಯಾ, ಡಿಐಡಿ ನಂಬರ್‌ಗಳಿಗೆ ಬೇರೆ ಬಾಡಿಗೆಯಾ, ಗೇಟ್‌ವೇ, ಪಿಓಇ ಸ್ವಿಚ್, ಯುಪಿಎಸ್ ಯಾರು ಕೊಡುತ್ತಾರೆ ಎಂದು ಕೇಳಿ. ಬಾಡಿಗೆ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಕಟ್ಟಡದ ವೈರಿಂಗ್ ಹಳೆಯದಾಗಿದ್ದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ ಆಗಬಹುದು.

ಬದಲಿಸುವ ದಿನ ಹೇಗೆ ಮಾಡಬೇಕು?

ಒಂದೇ ದಿನದಲ್ಲಿ ಮಾಡಬೇಡಿ. ಹೊಸ ಟ್ರಂಕ್ ಬಂದ ಮೇಲೆ ಹಳೆ ಪಿಆರ್‌ಐ ಕನಿಷ್ಠ ಒಂದು ತಿಂಗಳು ಇರಲಿ. ಮೊದಲು ಹೊರಹೋಗುವ ಕರೆಗಳನ್ನು ಮಾತ್ರ ಹೊಸದರ ಮೇಲೆ ಬಿಡಿ, ಏನಾದರೂ ಆದರೆ ವಾಪಸ್ ಹಾಕಬಹುದು. ಒಂದು ವಾರ ಸರಿಯಾಗಿ ನಡೆದರೆ ಒಳಬರುವ ನಂಬರ್‌ಗಳನ್ನು ಸಂಜೆ ಕಚೇರಿ ಮುಗಿದ ಮೇಲೆ ಬದಲಿಸಿ. ಶುಕ್ರವಾರ ಸಂಜೆ ಬೇಡ, ಶನಿವಾರ ಭಾನುವಾರ ಸಹಾಯಕ್ಕೆ ಜನ ಸಿಗುವುದಿಲ್ಲ. ಮಂಗಳವಾರ ಒಳ್ಳೆಯದು.

ಆಮೇಲೆ ಕೂತು ಒಂದೊಂದೇ ಪರೀಕ್ಷೆ ಮಾಡಿ. ಎಲ್ಲ ಕಂಪನಿಯ ಮೊಬೈಲ್‌ನಿಂದಲೂ ಕರೆ ಬರಬೇಕು. ಒಂದೊಂದು ಡಿಐಡಿಯೂ ಸರಿಯಾದ ಟೇಬಲ್‌ನಲ್ಲೇ ರಿಂಗ್ ಆಗಬೇಕು. ಹೋಲ್ಡ್, ಟ್ರಾನ್ಸ್‌ಫರ್ ನೋಡಿ. ಒಂದು ಕರೆಯನ್ನು ಅರ್ಧ ಗಂಟೆ ಬಿಡದೆ ಇಟ್ಟು ನೋಡಿ, ಕೆಲವು ಫೈರ್‌ವಾಲ್‌ಗಳು ಹದಿನೈದು ನಿಮಿಷಕ್ಕೆ ಕಡಿದುಬಿಡುತ್ತವೆ. 112 ಮತ್ತು 108ಕ್ಕೆ ಎಲ್ಲ ಎಕ್ಸ್‌ಟೆನ್ಶನ್‌ನಿಂದಲೂ ಕರೆ ಹೋಗುವಂತೆ ಡಯಲ್ ಪ್ಲಾನ್‌ನಲ್ಲಿ ಬರೆದಿರಬೇಕು. ಹೊರಕರೆ ಲಾಕ್ ಮಾಡಿದ ಗೇಟ್ ಫೋನಿನಿಂದಲೂ ಹೋಗಬೇಕು, ಅಪಘಾತ ಕಣ್ಣಿಗೆ ಮೊದಲು ಬೀಳುವುದು ಅಲ್ಲಿರುವವರಿಗೇ ಅಲ್ವಾ. ರಿಸೆಪ್ಶನ್‌ನಲ್ಲಿ ಕೂರುವವರನ್ನು ಈ ಪರೀಕ್ಷೆಯಲ್ಲಿ ಜೊತೆಗೆ ಕೂರಿಸಿಕೊಳ್ಳಿ. ದಿನವಿಡೀ ಫೋನ್ ಎತ್ತುವ ಅವರಿಗೆ ತಿಳಿಯುವ ದೋಷ ನಮ್ಮ ಯಂತ್ರಗಳಿಗೆ ತಿಳಿಯುವುದಿಲ್ಲ.

ನಮ್ಮದು ಚಿಕ್ಕ ಕಚೇರಿ, ಎರಡೇ ಲ್ಯಾಂಡ್‌ಲೈನ್. ನಮಗೂ ಇದೆಲ್ಲ ಬೇಕಾ?

ಸಿಪ್ ಟ್ರಂಕ್ ಬೇಡ. ನಿಮ್ಮ ಈಗಿನ ಕಂಪನಿಯಿಂದಲೇ ಫೈಬರ್ ತೆಗೆದುಕೊಂಡು, ಅದರ ಓಎನ್‌ಟಿಯ ಫೋನ್ ಪೋರ್ಟ್‌ಗೆ ಹಳೆ ಫೋನ್ ಸಿಕ್ಕಿಸಿದರೆ ಸಾಕು. ಹಳೆ ನಂಬರ್ ಅದರ ಮೇಲೇ ಬರುತ್ತದಾ ಎಂದು ಅರ್ಜಿ ಕೊಡುವಾಗಲೇ ಕೇಳಿ. ಓಎನ್‌ಟಿಗೆ ಒಂದು ಚಿಕ್ಕ ಯುಪಿಎಸ್ ಇಡಿ.

ಹಳೆ ಮೋಡೆಮ್ ಏನು ಮಾಡುವುದು?

ಅದು ಸಾಮಾನ್ಯವಾಗಿ ಫೋನ್ ಕಂಪನಿಯ ಸ್ವತ್ತು, ಗುಜರಿಗೆ ಹಾಕಬೇಡಿ. ಎಲ್ಲ ನಂಬರ್ ಹೊಸದಕ್ಕೆ ಬಂದಿದೆ ಎಂದು ಖಾತ್ರಿಯಾದ ಮೇಲೆ ಪಿಆರ್‌ಐ ರದ್ದತಿ ಪತ್ರ ಕೊಟ್ಟು, ಮೋಡೆಮ್ ಒಪ್ಪಿಸಿ, ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಲೈನ್ ಹಾಕಿಸುವಾಗ ಕಟ್ಟಿದ ಠೇವಣಿ ಇದ್ದರೆ ಅದರ ರಸೀದಿ ಹುಡುಕಿ ಅದೇ ಪತ್ರದ ಜೊತೆ ಲಗತ್ತಿಸಿ. ಮುಂದಿನ ಎರಡು ತಿಂಗಳ ಬಿಲ್ ಪರಿಶೀಲಿಸಿ, ರದ್ದಾದ ಲೈನಿಗೂ ಬಾಡಿಗೆ ಬಂದಿದ್ದರೆ ರದ್ದತಿ ಪತ್ರದ ಸ್ವೀಕೃತಿ ತೋರಿಸಿ ತೆಗೆಸಿ.